ಪಾಪ್‌ಅಪ್ ಎಲ್ಲಿ ತೆರೆಯಬೇಕು? ಮುಖ್ಯ ವಿಂಡೋ ನೋಡಿಕೊಂಡು ಜಾಗ ಆರಿಸುವ ಬಗೆ

ಎರಡು ಮಾನಿಟರ್ ಮುಂದೆ ಕೂತು ಒಬ್ಬರು ಕೆಲಸ ಮಾಡುತ್ತಿದ್ದಾರೆ. ಎಡಗಡೆಯ ಮಾನಿಟರ್‌ನಲ್ಲಿ ನೀವು ಬರೆದ ಅಪ್ಲಿಕೇಶನ್ ತೆರೆದಿದೆ. ‘ಅಳಿಸಿ’ ಬಟನ್ ಒತ್ತುತ್ತಾರೆ. ಏನೂ ಆಗಲಿಲ್ಲ. ಮತ್ತೆ ಒತ್ತುತ್ತಾರೆ. ಟಣ್ ಎಂದು ಸದ್ದು ಬರುತ್ತದೆ, ಅಷ್ಟೇ. ಪ್ರೋಗ್ರಾಮ್ ಹ್ಯಾಂಗ್ ಆಯಿತು ಎಂದುಕೊಂಡು ಅದನ್ನು ಬಲವಂತವಾಗಿ ಮುಚ್ಚಿಬಿಡುತ್ತಾರೆ. ಸೇವ್ ಮಾಡದ ಕೆಲಸವೂ ಅದರ ಜೊತೆಗೇ ಹೋಯಿತು. ಅಷ್ಟು ಹೊತ್ತೂ ‘ನಿಜಕ್ಕೂ ಅಳಿಸಬೇಕಾ?’ ಎಂದು ಕೇಳುವ ಪುಟ್ಟ ಪಾಪ್‌ಅಪ್ ಬಲಗಡೆಯ ಮಾನಿಟರ್‌ನ ನಟ್ಟನಡುವೆ, ಬೇರೊಂದು ವಿಂಡೋದ ಹಿಂದೆ ಕೂತು ಉತ್ತರಕ್ಕೆ ಕಾಯುತ್ತಿತ್ತು.

ಇದನ್ನು ಸರಿಮಾಡಲು ಬೇಕಾಗುವುದು ಕೆಲವೇ ಲೈನು ಕೋಡ್. ಆದರೆ ಯಾವ ಲೈನು ಬರೆಯಬೇಕು ಎನ್ನುವುದು ಆ ಪಾಪ್‌ಅಪ್ ಏನು ಕೆಲಸ ಮಾಡುತ್ತದೆ ಎನ್ನುವುದರ ಮೇಲೆ ನಿಂತಿದೆ. ಮುಖ್ಯ ವಿಂಡೋದ ನಡುವೆ, ಒತ್ತಿದ ಬಟನ್‌ನ ಪಕ್ಕದಲ್ಲಿ, ಕರ್ಸರ್ ಇದ್ದಲ್ಲಿ, ಸ್ಕ್ರೀನಿನ ನಡುವೆ, ಕಳೆದ ಸಲ ಬಿಟ್ಟ ಜಾಗದಲ್ಲಿ ಎಂದು ಹಲವು ದಾರಿಗಳಿವೆ. ಎಲ್ಲವೂ ಎಲ್ಲೋ ಒಂದು ಕಡೆ ಸರಿಯೇ. ಪಾಪ್‌ಅಪ್ ತೆರೆಯುವ ಹೊತ್ತಿಗೆ ಬಳಕೆದಾರರ ಕಣ್ಣು ಎಲ್ಲಿರುತ್ತದೆ? ನಾನು ಯಾವ ದಾರಿಯನ್ನು ಅಳೆಯುವುದೂ ಈ ಒಂದು ಪ್ರಶ್ನೆಯಿಂದಲೇ.

ಜಾಗಕ್ಕಿಂತ ಮೊದಲು ಓನರ್

ಎಕ್ಸ್, ವೈ ಲೆಕ್ಕಕ್ಕೆ ಕೈಹಾಕುವ ಮುನ್ನ ಒಂದು ಕೆಲಸ ಇದೆ. ಈ ಪಾಪ್‌ಅಪ್ ಯಾವ ವಿಂಡೋಗೆ ಸೇರಿದ್ದು ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಬೇಕು. ತುಂಬಾ ಜನ ಇದನ್ನು ಬಿಟ್ಟು ನೇರ ಜಾಗದ ಲೆಕ್ಕಕ್ಕೆ ಹೋಗುತ್ತಾರೆ. ಮೇಲೆ ಹೇಳಿದ ಕಥೆಯಲ್ಲಿ ಪಾಪ್‌ಅಪ್ ಇನ್ನೊಂದು ವಿಂಡೋದ ಹಿಂದೆ ಕಾಣೆಯಾಗಲು ಇದೂ ಒಂದು ಕಾರಣ.

ವಿಂಡೋಸ್‌ನಲ್ಲಿ ಓನರ್ ಇರುವ ವಿಂಡೋ ಯಾವಾಗಲೂ ತನ್ನ ಓನರ್‌ನ ಮೇಲೆಯೇ ಇರುತ್ತದೆ. ಓನರನ್ನು ಮಿನಿಮೈಸ್ ಮಾಡಿದರೆ ತಾನೂ ಮರೆಯಾಗುತ್ತದೆ. ಓನರ್ ಮುಚ್ಚಿದರೆ ತಾನೂ ಮುಚ್ಚುತ್ತದೆ. ಇದಿಷ್ಟೂ ಬಿಟ್ಟಿ ಸಿಗುತ್ತದೆ, ನೀವು ಒಂದು ಲೈನೂ ಬರೆಯಬೇಕಿಲ್ಲ. ವಿಂಡೋ ಕಟ್ಟಲು ಬಳಸುವ ಟೂಲ್‌ಕಿಟ್‌ಗಳಲ್ಲಿ ಇದಕ್ಕೆ ಒಂದೊಂದು ಹೆಸರು: ಡಬ್ಲ್ಯುಪಿಎಫ್‌ನಲ್ಲಿ ಓನರ್ ಪ್ರಾಪರ್ಟಿ, ಜಾವಾಎಫ್‌ಎಕ್ಸ್‌ನಲ್ಲಿ ಇನಿಟ್‌ಓನರ್, ಟಿಕಿಂಟರ್‌ನಲ್ಲಿ ಟ್ರಾನ್ಸಿಯೆಂಟ್, ಕ್ಯೂಟಿಯಲ್ಲಿ ಡೈಲಾಗ್ ಕಟ್ಟುವಾಗ ಕೊಡುವ ಪೇರೆಂಟ್. ಎಕ್ಸ್11 ಎಂಬ ಹಳೆಯ ವಿಂಡೋ ವ್ಯವಸ್ಥೆ ಇರುವ ಲಿನಕ್ಸ್‌ನಲ್ಲಿ ಇದೇ ಮಾಹಿತಿ ‘ಟ್ರಾನ್ಸಿಯೆಂಟ್ ಫಾರ್’ ಎಂಬ ಸೂಚನೆಯಾಗಿ ವಿಂಡೋ ಮ್ಯಾನೇಜರ್‌ಗೆ ತಲುಪುತ್ತದೆ. ಹೆಸರು ಬೇರೆ ಬೇರೆ, ವಿಷಯ ಒಂದೇ.

ಡಬ್ಲ್ಯುಪಿಎಫ್‌ನಲ್ಲಿ ಒಂದು ಎಚ್ಚರಿಕೆ. ಇನ್ನೂ ತೆರೆದುಕೊಳ್ಳದ ವಿಂಡೋವನ್ನು ಓನರ್ ಎಂದು ಕೊಟ್ಟರೆ ಎಕ್ಸೆಪ್ಶನ್ ಬರುತ್ತದೆ. ಅಪ್ಲಿಕೇಶನ್ ಶುರುವಾಗುವಾಗಲೇ ಪಾಪ್‌ಅಪ್ ತೋರಿಸುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ.

ಮುಖ್ಯ ವಿಂಡೋದ ನಡುವೆ

ಉತ್ತರ ಕೇಳುವ ಪಾಪ್‌ಅಪ್‌ಗಳಿಗೆಲ್ಲ ನನ್ನ ಮೊದಲ ಆಯ್ಕೆ ಇದು. ಅಳಿಸಬೇಕಾ, ಸೇವ್ ಮಾಡಬೇಕಾ, ಹೆಸರೇನು, ಪಾಸ್‌ವರ್ಡ್ ಏನು ಎಂದು ಕೇಳಿ ಬಳಕೆದಾರರನ್ನು ಅಲ್ಲೇ ನಿಲ್ಲಿಸುವಂಥವು. ಕಣ್ಣು ಮುಖ್ಯ ವಿಂಡೋದೊಳಗೇ ಎಲ್ಲೋ ಇದೆ ಎನ್ನುವುದು ಗೊತ್ತು. ನಿಖರವಾಗಿ ಎಲ್ಲಿ ಎಂದು ಗೊತ್ತಿಲ್ಲ. ಹಾಗಿದ್ದಾಗ ನಡುವೆ ತೆರೆಯುವುದೇ ಸರಿ, ಅಲ್ವಾ? ಯಾವ ಮೂಲೆಯಿಂದಲೂ ಅದು ತೀರಾ ದೂರ ಆಗಲ್ಲ.

ಲೆಕ್ಕ ಸುಲಭ. ಮುಖ್ಯ ವಿಂಡೋದ ಎಡ ಅಂಚು 200ರಲ್ಲಿ, ಮೇಲಂಚು 100ರಲ್ಲಿ ಇದೆ ಎನ್ನಿ. ಅಗಲ 1200, ಎತ್ತರ 800. ಪಾಪ್‌ಅಪ್ 500 ಅಗಲ, 300 ಎತ್ತರ. ಅಗಲದಲ್ಲಿ ಉಳಿಯುವ ಜಾಗ 700, ಅದರ ಅರ್ಧ 350. ಹಾಗಾಗಿ ಪಾಪ್‌ಅಪ್‌ನ ಎಡ ಅಂಚು 550. ಎತ್ತರದಲ್ಲಿ ಉಳಿಯುವುದು 500, ಅರ್ಧ 250, ಮೇಲಂಚು 350. ಎತ್ತರದ ಲೆಕ್ಕದಲ್ಲಿ ಅರ್ಧದ ಬದಲು ಮೂರನೇ ಒಂದು ಭಾಗ ತೆಗೆದುಕೊಂಡರೆ ಮೇಲಂಚು 267ರ ಹತ್ತಿರ ಬರುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ಸರಿಯಾಗಿ ನಡುವೆ ಇಟ್ಟದ್ದು ಕಣ್ಣಿಗೆ ಸ್ವಲ್ಪ ಕೆಳಗೆ ಜಾರಿದಂತೆ ಕಾಣುತ್ತದೆ. ಮ್ಯಾಕ್‌ನಲ್ಲಿ ವಿಂಡೋವನ್ನು ಸೆಂಟರ್ ಮಾಡುವ ಮೆಥಡ್ ಕೂಡ ಅದನ್ನು ನಡುವಿಗಿಂತ ತುಸು ಮೇಲೆಯೇ ಇಡುತ್ತದೆ.

ತೊಂದರೆ ಇರುವುದು ಲೆಕ್ಕದಲ್ಲಲ್ಲ, ಲೆಕ್ಕ ಮಾಡುವ ಹೊತ್ತಿನಲ್ಲಿ. ತೆರೆಯದ ಪಾಪ್‌ಅಪ್‌ನ ಅಳತೆ ಎಷ್ಟೋ ಸಲ ಅದಕ್ಕೇ ಗೊತ್ತಿರುವುದಿಲ್ಲ. ಟಿಕಿಂಟರ್‌ನಲ್ಲಿ ಈಗಷ್ಟೇ ಕಟ್ಟಿದ ವಿಂಡೋದ ಅಗಲ ಕೇಳಿದರೆ 1 ಎನ್ನುತ್ತದೆ. ಮೊದಲು ಅಪ್‌ಡೇಟ್ ಐಡಲ್‌ಟಾಸ್ಕ್ಸ್ ಕರೆಯಬೇಕು. ಜಾವಾಎಫ್‌ಎಕ್ಸ್‌ನಲ್ಲಿ ಸ್ಟೇಜ್ (ಅಲ್ಲಿ ವಿಂಡೋಗೆ ಇರುವ ಹೆಸರು) ತೆರೆಯುವ ಮುನ್ನ ಅಗಲ ಕೇಳಿದರೆ ಸಂಖ್ಯೆಯೇ ಸಿಗಲ್ಲ. ಜಾವಾದ ಇನ್ನೊಂದು ಟೂಲ್‌ಕಿಟ್ ಸ್ವಿಂಗ್‌ನಲ್ಲಿ ಪ್ಯಾಕ್ ಮಾಡಿ ಅಳತೆ ನಿಗದಿಯಾದ ಮೇಲೆಯೇ, ನಡುವೆ ಇಡುವ ಸೆಟ್‌ಲೊಕೇಶನ್‌ರಿಲೇಟಿವ್‌ಟು ಕರೆಯಬೇಕು. ಹಿಂದುಮುಂದಾದರೆ ಸೊನ್ನೆ ಅಗಲದ ವಿಂಡೋವನ್ನು ನಡುವೆ ಇಟ್ಟ ಹಾಗೆ ಆಗುತ್ತದೆ. ಆಮೇಲೆ ಅದು ಅಲ್ಲಿಂದ ಬಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ‘ನಡುವೆ ಇಟ್ಟೆ, ಆದರೂ ಪಾಪ್‌ಅಪ್ ಬಲಗಡೆ ಕೆಳಗೆ ಜಾರಿದೆ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಎರಡು ಲೈನುಗಳ ಕ್ರಮವನ್ನು.

ಸಿದ್ಧ ಸೌಲಭ್ಯ ಇರುವಲ್ಲಿ ಸುಮ್ನೆ ಅದನ್ನೇ ಬಳಸಿ. ಡಬ್ಲ್ಯುಪಿಎಫ್‌ನಲ್ಲಿ ವಿಂಡೋ ಶುರುವಾಗುವ ಜಾಗಕ್ಕೆ ಸೆಂಟರ್‌ಓನರ್ ಎಂದು ಕೊಡಬಹುದು, ಆದರೆ ಓನರ್ ಹೇಳಿದ್ದರೆ ಮಾತ್ರ ಅದಕ್ಕೆ ಅರ್ಥ. ವಿಂಡೋಸ್ ಫಾರ್ಮ್ಸ್‌ನಲ್ಲಿ ಸೆಂಟರ್‌ಪೇರೆಂಟ್ ಇದೆ. ಇದು ಶೋಡೈಲಾಗ್‌ನಿಂದ ತೆರೆದ ಮೋಡಲ್ ಪಾಪ್‌ಅಪ್‌ಗೆ, ಅಂದರೆ ತನ್ನನ್ನು ಮುಚ್ಚುವವರೆಗೆ ಮುಖ್ಯ ವಿಂಡೋ ಮುಟ್ಟಲು ಬಿಡದ ಪಾಪ್‌ಅಪ್‌ಗೆ, ಸರಿಹೋಗುತ್ತದೆ. ಬರೀ ಶೋ ಎಂದು ತೆರೆದಾಗ ಅದನ್ನು ನಂಬಬೇಡಿ. ಆಗ ಸ್ಟಾರ್ಟ್‌ಪೊಸಿಶನ್‌ಗೆ ಮ್ಯಾನ್ಯುವಲ್ ಕೊಟ್ಟು ಲೆಕ್ಕ ನೀವೇ ಮಾಡಿ. ಮ್ಯಾನ್ಯುವಲ್ ಕೊಡದಿದ್ದರೆ ನೀವು ಬರೆದ ಲೊಕೇಶನ್‌ಗೆ ಬೆಲೆಯೇ ಇರಲ್ಲ. ಕ್ಯೂಟಿಯಲ್ಲಿ ಇಷ್ಟೂ ರಗಳೆ ಇಲ್ಲ. ಪೇರೆಂಟ್ ಕೊಟ್ಟರೆ ಡೈಲಾಗ್ ತಾನಾಗಿಯೇ ಅದರ ಮೇಲೆ ನಡುವೆ ಬಂದು ಕೂರುತ್ತದೆ.

ಸಿದ್ಧ ಮೆಸೇಜ್ ಬಾಕ್ಸ್‌ಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ವಿಂಡೋಸ್‌ನ ಮೆಸೇಜ್‌ಬಾಕ್ಸ್‌ಗೆ ಓನರ್ ಕೊಟ್ಟರೂ ಅದು ತೆರೆಯುವುದು ಸ್ಕ್ರೀನಿನ ನಡುವೆ, ಓನರ್‌ನ ನಡುವೆ ಅಲ್ಲ. ಸ್ವಿಂಗ್‌ನ ಜೆಆಪ್ಶನ್‌ಪೇನ್ ಓನರ್ ಕೊಟ್ಟರೆ ಅದರ ಮೇಲೆಯೇ ತೆರೆಯುತ್ತದೆ, ಆದರೆ ಪಾಠಗಳಲ್ಲಿ ಆ ಜಾಗಕ್ಕೆ ನಲ್ (ಯಾರೂ ಇಲ್ಲ) ಎಂದು ಬರೆದಿರುವುದೇ ಜಾಸ್ತಿ. ಕಲಿಯುವವರು ಅದನ್ನೇ ನಕಲು ಮಾಡುತ್ತಾರೆ, ಪಾಪ್‌ಅಪ್ ಹೋಗಿ ಸ್ಕ್ರೀನಿನ ನಡುವೆ ಕೂರುತ್ತದೆ. ಒಂದು ಪದ ಬದಲಿಸಿದರೆ ಸರಿಹೋಗುವ ತಪ್ಪು ಇದು.

ಇನ್ನೊಂದು ತೊಡಕು: ಡಬ್ಲ್ಯುಪಿಎಫ್‌ನಲ್ಲಿ ಮುಖ್ಯ ವಿಂಡೋ ಮ್ಯಾಕ್ಸಿಮೈಸ್ ಆಗಿದ್ದಾಗ ಲೆಫ್ಟ್, ಟಾಪ್ ಕೇಳಿದರೆ ಈಗಿನ ಜಾಗ ಸಿಗುವುದಿಲ್ಲ. ಮ್ಯಾಕ್ಸಿಮೈಸ್ ಆಗುವ ಮುಂಚೆ ಇದ್ದ ಜಾಗ ಸಿಗುತ್ತದೆ. ನೀವೇ ಲೆಕ್ಕ ಮಾಡುತ್ತಿದ್ದರೆ ಮುಖ್ಯ ವಿಂಡೋದೊಳಗಿನ ಒಂದು ಅಂಶ ಹಿಡಿದು, ಪಾಯಿಂಟ್‌ಟುಸ್ಕ್ರೀನ್ ಮೂಲಕ ಅದು ಸ್ಕ್ರೀನಿನಲ್ಲಿ ಎಲ್ಲಿದೆ ಎಂದು ಕೇಳುವುದು ಮೇಲು.

ಒತ್ತಿದ ಬಟನ್‌ನ ಪಕ್ಕದಲ್ಲಿ

ಬಣ್ಣ ಆರಿಸುವ ಪುಟ್ಟ ಫಲಕ, ದಿನಾಂಕದ ಕ್ಯಾಲೆಂಡರ್, ಡ್ರಾಪ್‌ಡೌನ್ ಪಟ್ಟಿ, ಒಂದು ಪದದ ವಿವರಣೆ. ಇವನ್ನು ಮುಖ್ಯ ವಿಂಡೋದ ನಡುವೆ ತೆರೆದರೆ ಬಳಕೆದಾರರಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಕಣ್ಣು ಎಲ್ಲಿದೆ ಎಂದು ಇಲ್ಲಿ ನಮಗೆ ಸರಿಯಾಗಿಯೇ ಗೊತ್ತಿದೆ: ಈಗಷ್ಟೇ ಒತ್ತಿದ ಬಟನ್ ಮೇಲೆ. ಪಾಲ್ ಫಿಟ್ಸ್ 1954ರಲ್ಲಿ ಅಳೆದು ತೋರಿಸಿದ ಸಂಗತಿ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹಿಡಿಯುವ ಸಮಯ ಜಾಸ್ತಿ. ಪಾಪ್‌ಅಪ್ ಬಟನ್‌ಗೆ ಅಂಟಿಕೊಂಡಿದ್ದರೆ ದೂರ ಎನ್ನುವುದೇ ಇಲ್ಲ. ಸ್ಕ್ರೀನ್ ಹಿಗ್ಗಿಸಿಕೊಂಡು ಓದುವವರಿಗಂತೂ ಇದು ಬರೀ ಅನುಕೂಲದ ಮಾತಲ್ಲ. ಅವರಿಗೆ ಒಂದು ಸಲಕ್ಕೆ ಕಾಣುವುದು ಸ್ಕ್ರೀನಿನ ಒಂದು ತುಂಡು ಮಾತ್ರ. ಆ ತುಂಡಿನ ಆಚೆ ತೆರೆದ ಪಾಪ್‌ಅಪ್ ಅವರ ಪಾಲಿಗೆ ತೆರೆದೇ ಇಲ್ಲ.

ಆದರೆ ಇದರಲ್ಲಿ ಕೆಲಸ ಜಾಸ್ತಿ ಇದೆ. ಮೊದಲನೆಯದು ಅಂಚು. 1920 ಅಗಲ, 1080 ಎತ್ತರದ ಮಾನಿಟರ್, ಕೆಳಗೆ 48 ಪಿಕ್ಸೆಲ್ ಟಾಸ್ಕ್‌ಬಾರ್ ಎಂದುಕೊಳ್ಳಿ. ಬಳಸಲು ಸಿಗುವ ಎತ್ತರ 1032. ಬಟನ್‌ನ ಮೇಲಂಚು 980ರಲ್ಲಿದೆ, ಅದರ ಎತ್ತರ 30. ಅದರ ಕೆಳಗೆ 200 ಎತ್ತರದ ಪಟ್ಟಿ ತೆರೆದರೆ 1010ರಿಂದ 1210ರವರೆಗೆ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಭಾಗ ಕಾಣುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಪಟ್ಟಿಯನ್ನು ತಿರುಗಿಸಿ ಬಟನ್‌ನ ಮೇಲಕ್ಕೆ ತೆರೆಯಬೇಕು, 780ರಿಂದ 980ರವರೆಗೆ. ಮೇಲೂ ಜಾಗ ಸಾಲದಿದ್ದರೆ ಪಕ್ಕಕ್ಕೆ ಸರಿಸಬೇಕು. ಅದೂ ಆಗದಿದ್ದರೆ ಎತ್ತರ ತಗ್ಗಿಸಿ ಒಳಗೆ ಸ್ಕ್ರೋಲ್ ಕೊಡಬೇಕು. ತಿರುಗಿಸು, ಸರಿಸು, ಕುಗ್ಗಿಸು. ಈ ಕ್ರಮ ಬದಲಿಸಬೇಡಿ. ಮೊದಲೇ ಸರಿಸಿಬಿಟ್ಟರೆ ಪಟ್ಟಿ ಹೋಗಿ ಬಟನ್ ಮೇಲೆಯೇ ಕೂರುತ್ತದೆ, ಯಾವುದರಿಂದ ತೆರೆಯಿತು ಎಂಬುದೇ ಕಾಣದ ಹಾಗಾಗುತ್ತದೆ.

ಎರಡನೆಯದು ಚಲನೆ. ಪಾಪ್‌ಅಪ್ ತೆರೆದಿರುವಾಗ ಮುಖ್ಯ ವಿಂಡೋವನ್ನು ಎಳೆದರೆ ಏನಾಗಬೇಕು? ಡಬ್ಲ್ಯುಪಿಎಫ್‌ನ ಪಾಪ್‌ಅಪ್ ಕಂಟ್ರೋಲ್ ಇದ್ದಲ್ಲೇ ಉಳಿದುಬಿಡುತ್ತದೆ. ವಿಂಡೋ ಒಂದು ಕಡೆ, ಅದರ ಪಾಪ್‌ಅಪ್ ಇನ್ನೊಂದು ಕಡೆ ಗಾಳಿಯಲ್ಲಿ ತೇಲಿದಂತೆ. ವಿಂಡೋ ಜರುಗಿದ ಈವೆಂಟ್ ಹಿಡಿದು, ಪಾಪ್‌ಅಪ್‌ನ ಆಫ್‌ಸೆಟ್ ಅನ್ನು ಒಂದಿಷ್ಟು ಬದಲಿಸಿ ಮತ್ತೆ ಮೊದಲಿನ ಬೆಲೆಗೆ ತಂದರೆ ಅದು ತನ್ನ ಜಾಗವನ್ನು ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಹಳೇ ಉಪಾಯ, ಈಗಲೂ ನಡೆಯುತ್ತದೆ. ಮ್ಯಾಕ್‌ನಲ್ಲಿ ಒಂದು ವಿಂಡೋವನ್ನು ಇನ್ನೊಂದರ ಚೈಲ್ಡ್ ವಿಂಡೋ ಆಗಿ ಸೇರಿಸಿದರೆ ಎರಡೂ ಒಟ್ಟಿಗೆ ಜರುಗುತ್ತವೆ. ನನ್ನನ್ನು ಕೇಳಿದರೆ, ಪುಟ್ಟ ಪಟ್ಟಿಗಳಿಗೆ ಈ ಹಿಂಬಾಲಿಸುವ ಕೆಲಸವೇ ಬೇಡ. ವಿಂಡೋ ಜರುಗಿದ ಕೂಡಲೇ ಮುಚ್ಚಿಬಿಡಿ. ಹುಡುಕುವ ಪೆಟ್ಟಿಗೆಯಂತೆ ತುಂಬಾ ಹೊತ್ತು ತೆರೆದಿರುವಂಥವಕ್ಕೆ ಮಾತ್ರ ಹಿಂಬಾಲಿಸುವ ಕೋಡ್ ಬರೆಯಿರಿ.

ಕರ್ಸರ್ ಇದ್ದಲ್ಲಿ

ಬಲ ಕ್ಲಿಕ್ ಮೆನುವಿಗೆ ಇದು ಬಿಟ್ಟರೆ ಬೇರೆ ಜಾಗ ಇಲ್ಲ. ಉಳಿದವಕ್ಕೆ ಬೇಡ. ಕೀಬೋರ್ಡ್‌ನಿಂದ ಮೆನು ತೆರೆದಾಗ ಕರ್ಸರ್ ಎಲ್ಲೋ ಬಿದ್ದಿರುತ್ತದೆ, ಕಣ್ಣು ಇನ್ನೆಲ್ಲೋ ಇರುತ್ತದೆ. ಆಗ ಫೋಕಸ್ ಇರುವ ಸಾಲಿನ ಪಕ್ಕದಲ್ಲಿ ತೆರೆಯಬೇಕು. ‘ಅಳಿಸಬೇಕಾ?’ ಎಂಬಂಥ ಪ್ರಶ್ನೆಯನ್ನು ಕರ್ಸರ್ ಕೆಳಗೇ ತೆರೆಯುವುದು ಅಪಾಯ. ಕೈತಪ್ಪಿ ಡಬಲ್ ಕ್ಲಿಕ್ ಆದರೆ ಎರಡನೇ ಕ್ಲಿಕ್ ನೇರ ‘ಹೌದು’ ಮೇಲೆ ಬೀಳಬಹುದು.

ಸ್ಕ್ರೀನಿನ ನಡುವೆ

ಮುಖ್ಯ ವಿಂಡೋ ಇನ್ನೂ ಹುಟ್ಟಿಲ್ಲದಾಗ ಇದು ಸರಿ. ಲಾಗಿನ್ ಪೆಟ್ಟಿಗೆ, ಶುರುವಿನ ಚಿತ್ರ, ‘ಫೈಲ್ ಹಾಳಾಗಿದೆ, ತೆರೆಯಲು ಆಗುತ್ತಿಲ್ಲ’ ಎನ್ನುವ ಸಂದೇಶ. ಮುಖ್ಯ ವಿಂಡೋ ತೆರೆದ ಮೇಲೆ ಈ ಆಯ್ಕೆಗೆ ಕಾರಣ ಉಳಿಯುವುದಿಲ್ಲ. ಒಂದೇ ಮಾನಿಟರ್, ಮ್ಯಾಕ್ಸಿಮೈಸ್ ಆದ ವಿಂಡೋ ಇದ್ದಾಗ ಇದಕ್ಕೂ ಓನರ್ ನಡುವೆ ಇಡುವುದಕ್ಕೂ ವ್ಯತ್ಯಾಸ ಕಾಣಲ್ಲ. ಅದಕ್ಕೇ ಬರೆಯುವವರ ಕಣ್ಣಿಗೆ ಈ ತಪ್ಪು ಬೀಳುವುದು ಕಡಿಮೆ.

ಕಳೆದ ಸಲ ಬಿಟ್ಟ ಜಾಗದಲ್ಲಿ

ಚಿತ್ರ ತಿದ್ದುವ ಅಪ್ಲಿಕೇಶನ್‌ನ ಲೇಯರ್ ಫಲಕ, ಕೋಡ್ ಬರೆಯುವವರ ಹುಡುಕು-ಬದಲಿಸು ವಿಂಡೋ. ಇವುಗಳ ಜಾಗವನ್ನು ಬಳಕೆದಾರರೇ ಕೈಯಾರೆ ಎಳೆದು ಆರಿಸಿರುತ್ತಾರೆ. ಅದನ್ನು ಮರೆತು ಮತ್ತೆ ನಡುವೆ ತೆರೆಯುವುದು ಅವರು ಜೋಡಿಸಿಟ್ಟ ಮೇಜನ್ನು ದಿನಾ ಕಲಕಿದ ಹಾಗೆ. ಇಲ್ಲಿ ನೆನಪಿಡುವುದೇ ಸರಿ.

ಆದರೆ ಕಣ್ಣುಮುಚ್ಚಿ ನೆನಪಿಡಬಾರದು. ನಾನು ಬರೆದಿದ್ದ ಒಂದು ಅಪ್ಲಿಕೇಶನ್‌ನಲ್ಲಿ ಎಲ್ಲ ಪಾಪ್‌ಅಪ್‌ಗಳ ಎಕ್ಸ್, ವೈ ಬೆಲೆಗಳನ್ನು ಹಾಗೆಯೇ ಸೇವ್ ಮಾಡುತ್ತಿದ್ದೆ. ಒಬ್ಬರು ಲ್ಯಾಪ್‌ಟಾಪನ್ನು ಹೊರಗಿನ ಮಾನಿಟರ್‌ನಿಂದ ಬಿಡಿಸಿಕೊಂಡು ಹೋದರು. ಮರುದಿನ ಸೆಟ್ಟಿಂಗ್ಸ್ ಒತ್ತಿದರೆ ಪಾಪ್‌ಅಪ್ ಬರಲೇ ಇಲ್ಲ. ಅದು ಇಲ್ಲದ ಮಾನಿಟರ್‌ನಲ್ಲಿ ತೆರೆದಿತ್ತು. ಮೋಡಲ್ ಆಗಿದ್ದರಿಂದ ಮುಖ್ಯ ವಿಂಡೋವೂ ಕೈಗೆ ಸಿಗದಾಯಿತು. ಅವರು ಎರಡು ಸಲ ಅಪ್ಲಿಕೇಶನ್ ತೆಗೆದು ಮತ್ತೆ ಹಾಕಿಕೊಂಡರೂ ಸರಿಹೋಗಲಿಲ್ಲ, ಏಕೆಂದರೆ ಸೇವ್ ಆದ ಬೆಲೆಗಳು ಅಲ್ಲೇ ಇದ್ದವು. ಅಷ್ಟು ಹೊತ್ತು ಅವರನ್ನು ಗೋಳಾಡಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಅಂದಿನಿಂದ ಮೂರು ವಿಷಯ ಬಿಡದೆ ಪಾಲಿಸುತ್ತೇನೆ. ಮೋಡಲ್ ಪಾಪ್‌ಅಪ್‌ನ ಜಾಗ ನೆನಪಿಡುವುದೇ ಇಲ್ಲ. ಬೇರೆ ಪಾಪ್‌ಅಪ್‌ಗಳಿಗೆ ಸ್ಕ್ರೀನಿನ ಎಕ್ಸ್, ವೈ ಬದಲು ಮುಖ್ಯ ವಿಂಡೋದ ಮೂಲೆಯಿಂದ ಎಷ್ಟು ದೂರ ಎಂದು ಸೇವ್ ಮಾಡುತ್ತೇನೆ. ವಿಂಡೋ ಎಲ್ಲಿಗೆ ಹೋದರೂ ಫಲಕ ಅದರ ಪಕ್ಕದಲ್ಲೇ ಇರುತ್ತದೆ. ಮತ್ತು ತೆರೆಯುವ ಮುನ್ನ ಆ ಜಾಗ ಈಗ ಇರುವ ಯಾವುದಾದರೂ ಮಾನಿಟರ್‌ನೊಳಗೆ ಬೀಳುತ್ತದಾ ಎಂದು ನೋಡುತ್ತೇನೆ. ಟೈಟಲ್ ಬಾರ್ ಕೈಗೆ ಸಿಗುವಷ್ಟಾದರೂ ಕಾಣಬೇಕು, ಇಲ್ಲದಿದ್ದರೆ ಅದನ್ನು ಎಳೆದು ತರುವ ದಾರಿಯೇ ಇರಲ್ಲ.

ವಿಂಡೋಸ್‌ನಲ್ಲಿ ಮಿನಿಮೈಸ್ ಆದ ವಿಂಡೋದ ಜಾಗ ಕೇಳಿದರೆ −32000 ಎಂಬ ಬೆಲೆ ಬರುತ್ತದೆ. ಅದನ್ನೇ ಸೇವ್ ಮಾಡಿಬಿಟ್ಟರೆ ಕಥೆ ಮುಗಿಯಿತು. ಇದಕ್ಕೆ ಗೆಟ್‌ವಿಂಡೋಪ್ಲೇಸ್‌ಮೆಂಟ್ ಬಳಸಿ. ಅದು ವಿಂಡೋದ ಮಾಮೂಲಿ ಜಾಗವನ್ನೇ ಕೊಡುತ್ತದೆ. ಅದರ ಜೋಡಿಯಾದ ಸೆಟ್‌ವಿಂಡೋಪ್ಲೇಸ್‌ಮೆಂಟ್, ವಿಂಡೋ ಪೂರ್ತಿ ಸ್ಕ್ರೀನಿನ ಆಚೆ ಹೋಗುವಂತಿದ್ದರೆ ತಾನೇ ಒಳಗೆ ಎಳೆದು ತರುತ್ತದೆ.

ಸಿಸ್ಟಮ್‌ಗೇ ಬಿಡುವುದು

ಇದನ್ನು ಸೋಮಾರಿತನ ಎಂದುಕೊಳ್ಳುವವರಿದ್ದಾರೆ. ಆದರೆ ಎಕ್ಸ್11ರ ಜಾಗಕ್ಕೆ ಬಂದ ಲಿನಕ್ಸ್‌ನ ಹೊಸ ವಿಂಡೋ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಬೇರೆ ದಾರಿಯೇ ಇಲ್ಲ. ಅಲ್ಲಿ ಅಪ್ಲಿಕೇಶನ್‌ಗೆ ತನ್ನ ವಿಂಡೋ ಸ್ಕ್ರೀನಿನಲ್ಲಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಮುಖ್ಯ ಮಟ್ಟದ ವಿಂಡೋವನ್ನು ಇಂಥ ಕಡೆ ಇಡು ಎಂದು ಹೇಳಲೂ ಆಗುವುದಿಲ್ಲ. ಹಾಗಾಗಿ ಎಕ್ಸ್11ನಲ್ಲಿ ನಡೆಯುತ್ತಿದ್ದ ಕೂಡು-ಕಳೆ ಲೆಕ್ಕ ಇಲ್ಲಿ ಸುಮ್ಮನೆ ಕೈಕೊಡುತ್ತದೆ, ಎರರ್ ಕೂಡ ಬರಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಜಿಟಿಕೆ 4 ಎಂಬ ಟೂಲ್‌ಕಿಟ್ ಇದನ್ನು ಒಪ್ಪಿಕೊಂಡು, ವಿಂಡೋ ಜರುಗಿಸುವ ಫಂಕ್ಷನ್‌ಗಳನ್ನೇ ತೆಗೆದುಹಾಕಿತು.

ಮೊದಮೊದಲು ಇದು ಕೈ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ. ಆದರೆ ಪಾಪ್‌ಅಪ್‌ಗಳಿಗೆ ಅಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಪೊಸಿಶನರ್ ಎಂಬುದರ ಮೂಲಕ ನೀವು ನಿಮ್ಮ ಆಸೆ ಹೇಳುತ್ತೀರಿ: ಪೇರೆಂಟ್ ವಿಂಡೋದೊಳಗೆ ಈ ಆಯತಕ್ಕೆ ಅಂಟಿಕೊಳ್ಳಬೇಕು, ಅದರ ಈ ಅಂಚಿಗೆ, ಈ ದಿಕ್ಕಿಗೆ ಬೆಳೆಯಬೇಕು, ಜಾಗ ಸಾಲದಿದ್ದರೆ ತಿರುಗಿಸಬಹುದು, ಸರಿಸಬಹುದು, ಕುಗ್ಗಿಸಬಹುದು. ಲೆಕ್ಕ ಸಿಸ್ಟಮ್‌ನದು. ಬಟನ್ ಪಕ್ಕದ ಪಾಪ್‌ಅಪ್‌ಗೆ ನಾವು ಕೈಯಾರೆ ಬರೆದ ಅದೇ ಮೂರು ಹೆಜ್ಜೆ ಇಲ್ಲಿ ಪ್ರೋಟೋಕಾಲ್‌ನಲ್ಲೇ ಇದೆ, ನೋಡಿ. ಡೈಲಾಗ್‌ಗಳಿಗೆ ಪೇರೆಂಟ್ ಯಾರೆಂದು ಹೇಳಿ ಸುಮ್ಮನಿರಬೇಕು.

ಮ್ಯಾಕ್‌ನಲ್ಲೂ ಶೀಟ್ ಎಂಬುದಿದೆ. ಅದು ಮುಖ್ಯ ವಿಂಡೋಗೇ ಅಂಟಿಕೊಂಡು ತೆರೆಯುತ್ತದೆ. ಬಟನ್ ಪಕ್ಕದಲ್ಲಿ ತೆರೆಯುವಂಥವಕ್ಕೆ 2011ರ ಲಯನ್‌ನಿಂದ ಎನ್‌ಎಸ್‌ಪಾಪೋವರ್ ಇದೆ. ಮ್ಯಾಕ್‌ನಲ್ಲಿ ಲೆಕ್ಕ ನೀವೇ ಮಾಡುವುದಾದರೆ ಒಂದು ನೆನಪಿರಲಿ: ಅಲ್ಲಿ ಸೊನ್ನೆ ಇರುವುದು ಕೆಳಗಿನ ಎಡ ಮೂಲೆಯಲ್ಲಿ. ವೈ ಜಾಸ್ತಿಯಾದರೆ ವಿಂಡೋ ಮೇಲಕ್ಕೆ ಹೋಗುತ್ತದೆ.

ಯಾವ ದಾರಿ ಹಿಡಿದರೂ ಎದುರಾಗುವ ಪಿಕ್ಸೆಲ್ ತಕರಾರು

ಮೈನಸ್ ಬೆಲೆ ಕಂಡರೆ ತಪ್ಪು ಎಂದುಕೊಳ್ಳಬೇಡಿ. ವಿಂಡೋಸ್‌ನಲ್ಲಿ ಮುಖ್ಯ ಮಾನಿಟರ್‌ನ ಎಡಕ್ಕೆ ಇನ್ನೊಂದು ಮಾನಿಟರ್ ಇದ್ದರೆ ಅಲ್ಲಿಯ ಎಕ್ಸ್ ಬೆಲೆಗಳೆಲ್ಲ ಮೈನಸ್. −1500ರಲ್ಲಿ ಇರುವ ವಿಂಡೋ ಕಣ್ಣೆದುರೇ ಇರಬಹುದು. ‘ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡು’ ಎಂದು ಬರೆದ ಒಂದು ಲೈನು ಪಾಪ್‌ಅಪ್ ಅನ್ನು ಇನ್ನೊಂದು ಮಾನಿಟರ್‌ಗೆ ಎಸೆದುಬಿಡುತ್ತದೆ. ಸರಿಯಾದ ದಾರಿ ಎಂದರೆ, ಮುಖ್ಯ ವಿಂಡೋ ಯಾವ ಮಾನಿಟರ್‌ನಲ್ಲಿದೆ ಎಂದು ಮಾನಿಟರ್‌ಫ್ರಮ್‌ವಿಂಡೋ ಮೂಲಕ ಕೇಳಿ, ಆ ಮಾನಿಟರ್‌ನಲ್ಲಿ ಟಾಸ್ಕ್‌ಬಾರ್ ಕಳೆದು ಉಳಿಯುವ ಜಾಗದೊಳಗೆ ಕೂರಿಸುವುದು. ಟಿಕಿಂಟರ್‌ನ ಜಿಯೋಮೆಟ್ರಿಯಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ -50 ಎಂದರೆ ಬಲ ಅಂಚಿನಿಂದ 50 ದೂರ ಎಂದರ್ಥ. ನಿಜವಾದ ಮೈನಸ್ 50 ಬೇಕಿದ್ದರೆ +-50 ಎಂದು ಬರೆಯಬೇಕು.

ಸ್ಕೇಲಿಂಗ್, ಅಂದರೆ ಅಕ್ಷರ, ಬಟನ್‌ಗಳನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್ ಕೂಡ ಕಾಡುತ್ತದೆ. ಡಬ್ಲ್ಯುಪಿಎಫ್‌ನ ಒಂದು ಯೂನಿಟ್ ಎಂದರೆ ಇಂಚಿನ 96ನೇ ಒಂದು ಭಾಗ. ಸ್ಕೇಲಿಂಗ್ 150 ಶೇಕಡಾ ಇದ್ದರೆ 550 ಯೂನಿಟ್ ಎಂದರೆ 825 ಪಿಕ್ಸೆಲ್. ಸಿಸ್ಟಮ್‌ನಿಂದ ಪಿಕ್ಸೆಲ್‌ನಲ್ಲಿ ಬಂದ ಬೆಲೆಯನ್ನು ಹಾಗೆಯೇ ಲೆಫ್ಟ್‌ಗೆ ಕೊಟ್ಟರೆ ಪಾಪ್‌ಅಪ್ ಬಲಕ್ಕೆ ಓಡಿಹೋಗುತ್ತದೆ. ಎರಡು ಮಾನಿಟರ್‌ಗೆ ಬೇರೆ ಬೇರೆ ಸ್ಕೇಲಿಂಗ್ ಇಡಲು ವಿಂಡೋಸ್ 8.1ರಿಂದಲೇ ಅವಕಾಶ ಇದೆ. ಹಾಗಾಗಿ ಒಂದೇ ಗುಣಕ ಹಿಡಿದು ಎಲ್ಲ ಕಡೆ ಗುಣಿಸಲು ಆಗಲ್ಲ.

ಪಾಪ್‌ಅಪ್ ಅನ್ನು ಮುಖ್ಯ ವಿಂಡೋದ ಅಂಚಿಗೆ ಸರಿಯಾಗಿ ಅಂಟಿಸಲು ಹೋದವರಿಗೆ ನಡುವೆ ಸಣ್ಣ ಸಂದು ಕಾಣುತ್ತದೆ. ವಿಂಡೋಸ್ 10ರಿಂದ ವಿಂಡೋದ ಎಡ, ಬಲ, ಕೆಳ ಅಂಚಿನಲ್ಲಿ ಕಣ್ಣಿಗೆ ಕಾಣದ ಚೌಕಟ್ಟು ಇರುತ್ತದೆ, 100 ಶೇಕಡಾ ಸ್ಕೇಲಿಂಗ್‌ನಲ್ಲಿ ಸುಮಾರು 7 ಪಿಕ್ಸೆಲ್. ಗೆಟ್‌ವಿಂಡೋರೆಕ್ಟ್ ಅದನ್ನೂ ಸೇರಿಸಿಯೇ ಅಳತೆ ಕೊಡುತ್ತದೆ. ಕಾಣುವ ಅಂಚು ಬೇಕಿದ್ದರೆ, ವಿಂಡೋಗಳನ್ನು ಸ್ಕ್ರೀನಿನ ಮೇಲೆ ಬಿಡಿಸುವ ಡಿಡಬ್ಲ್ಯುಎಮ್‌ನಿಂದ ಎಕ್ಸ್‌ಟೆಂಡೆಡ್ ಫ್ರೇಮ್ ಬೌಂಡ್ಸ್ ಕೇಳಬೇಕು.

ಹಾಗಾದರೆ ಯಾವುದನ್ನು ಆರಿಸುವುದು?

ನನ್ನ ಯೋಚನೆ ಸಾಗುವ ಕ್ರಮ ಹೀಗಿದೆ. ಇದು ನಿಜಕ್ಕೂ ಬೇರೆ ವಿಂಡೋ ಆಗಬೇಕಾ ಎಂದು ಮೊದಲು ಕೇಳಿಕೊಳ್ಳುತ್ತೇನೆ. ‘ಸೇವ್ ಆಯಿತು’ ಎಂದು ಹೇಳಲು ಪಾಪ್‌ಅಪ್ ಬೇಡ, ಮುಖ್ಯ ವಿಂಡೋದ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಸಾಕು. ಬೇಕೇ ಬೇಕು ಎಂದಾದರೆ, ಅದು ಯಾವುದೋ ಒಂದು ಬಟನ್‌ಗೋ ಪದಕ್ಕೋ ಸೇರಿದ್ದಾ? ಹೌದಾದರೆ ಅದರ ಪಕ್ಕದಲ್ಲಿ. ಇಡೀ ಅಪ್ಲಿಕೇಶನ್‌ಗೆ ಸೇರಿದ ಪ್ರಶ್ನೆಯಾದರೆ ಮುಖ್ಯ ವಿಂಡೋದ ನಡುವೆ. ಗಂಟೆಗಟ್ಟಲೆ ತೆರೆದಿಡುವ ಉಪಕರಣವಾದರೆ ಮೊದಲ ಸಲ ಮುಖ್ಯ ವಿಂಡೋದ ಬಲ ಅಂಚಿನ ಹತ್ತಿರ, ಆಮೇಲೆ ಬಳಕೆದಾರರು ಬಿಟ್ಟ ಕಡೆ. ಎರಡರ ನಡುವೆ ತೂಗಾಡುವಂತಾದರೆ ಓನರ್ ನಡುವೆ ಇಡುತ್ತೇನೆ. ಅದು ಅತ್ಯುತ್ತಮ ಅಲ್ಲದಿರಬಹುದು, ಆದರೆ ಪಾಪ್‌ಅಪ್ ಕಳೆದುಹೋಗುವುದಿಲ್ಲ.

ಪರೀಕ್ಷೆ ಮಾಡುವಾಗ ಮುಖ್ಯ ವಿಂಡೋವನ್ನು ಎಡಗಡೆಯ ಮಾನಿಟರ್‌ಗೆ ಒಯ್ಯಿರಿ. ಆ ಮಾನಿಟರ್‌ಗೆ 150 ಶೇಕಡಾ, ಬಲಗಡೆಯದಕ್ಕೆ 100 ಶೇಕಡಾ ಸ್ಕೇಲಿಂಗ್ ಇರಲಿ. ವಿಂಡೋವನ್ನು ಕೆಳಗಿನ ಮೂಲೆಗೆ ತಳ್ಳಿ, ಅರ್ಧ ಆಚೆ ಹೋಗುವಷ್ಟು. ಈಗ ಒಂದೊಂದೇ ಪಾಪ್‌ಅಪ್ ತೆರೆದು ನೋಡಿ. ಆಮೇಲೆ ಮ್ಯಾಕ್ಸಿಮೈಸ್ ಮಾಡಿ ಮತ್ತೊಮ್ಮೆ. ಕೊನೆಗೆ ಆ ಮಾನಿಟರ್‌ನ ಕೇಬಲ್ ಕಿತ್ತು ಇನ್ನೊಮ್ಮೆ.